ಚೀಲದಲ್ಲಿ ನೂರು ಬಿಲ್ಲೆಗಳು

ಮಕ್ಕಳೇ, ಇಂಗ್ಲಿಷ್ ವರ್ಣಮಾಲೆಯಲ್ಲಿ 26 ಅಕ್ಷರಗಳಿವೆ ಎಂಬುದು ನಿಮಗೆ ಗೊತ್ತು. ಇವುಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರ ಯಾವುದು? ಯೋಚಿಸಿ ಉತ್ತರ ಹೇಳಬೇಡಿ, ಎಣಿಸಿ ಹೇಳಿ. ನಿಮ್ಮ ಇಂಗ್ಲಿಷ್ ಪಠ್ಯಪುಸ್ತಕದ ಯಾವುದಾದರೂ ಒಂದು ಪುಟ ತೆರೆಯಿರಿ. ಒಂದು ಹಾಳೆಯಲ್ಲಿ 26 ಅಕ್ಷರಗಳನ್ನೂ ಸಾಲಾಗಿ ಬರೆದುಕೊಂಡು, ಪುಟದಲ್ಲಿ ಬರುವ ಒಂದೊಂದು ಅಕ್ಷರಕ್ಕೂ ಒಂದೊಂದು ಗೆರೆ ಎಳೆಯುತ್ತಾ ಹೋಗಿ. ಅರ್ಧ ಗಂಟೆಯ ಕೆಲಸ. ಸಾಮಾನ್ಯವಾಗಿ 'ಇ' ಅಕ್ಷರದ ಮುಂದೆ ಗೆರೆಗಳು ಎಲ್ಲಕ್ಕಿಂತ ಹೆಚ್ಚಾಗಿರುತ್ತವೆ. 'ಕ್ಯೂ', 'ಝಡ್' ಅಕ್ಷರಗಳ ಮುಂದೆ ಒಂದೋ ಎರಡೋ ಗೆರೆ ಇರಬಹುದು, ಇಲ್ಲದೆಯೂ ಇರಬಹುದು.

ಇದೇ ಕೆಲಸವನ್ನು 1930ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬುವರು ಮಾಡಿದರು. ಅವರು ಕಟ್ಟಡಗಳ ವಿನ್ಯಾಸಕಾರರು. ಅಮೆರಿಕದಲ್ಲಿ ಆಗ ದೊಡ್ಡ ಆರ್ಥಿಕ ಕುಸಿತ. ಕಟ್ಟಡ ಕಟ್ಟಿಸುವವರೇ ಇಲ್ಲ, ಹೀಗಾಗಿ ಅವರಿಗೆ ಕೆಲಸವೂ ಇಲ್ಲ. ಕೈಯಲ್ಲಿ ಸಮಯವಿತ್ತು. ವೃತ್ತಪತ್ರಿಕೆಗಳ ಮುಖಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂದು ಕೈಯಿಂದಲೇ ಎಣಿಸಿದರು. ಆ ಎಣಿಕೆಯಿಂದ ಒಂದು ಆಟ ಹುಟ್ಟಿತು. ಆಟದ ಸಾಮಾನು ತಯಾರಿಸುವ ಕಂಪನಿಗಳು ಅದನ್ನು ಬೇಡವೆಂದವು. ಮುಂದೆ 1948ರಲ್ಲಿ ಜೇಮ್ಸ್ ಬ್ರೂನೊ ಎಂಬ ಅವರ ಪರಿಚಯಸ್ಥರು ಅದಕ್ಕೆ 'ಸ್ಕ್ರಾಬಲ್' ಎಂಬ ಹೆಸರಿಟ್ಟು ಮಾರಾಟಕ್ಕೆ ತಂದರು. ಮರುವರ್ಷ 2,400 ಸೆಟ್‌ಗಳನ್ನು ಮಾಡಿ ನಷ್ಟ ಅನುಭವಿಸಿದರು! 1950ರ ದಶಕದ ಆರಂಭದಲ್ಲಿ ಒಂದು ದೊಡ್ಡ ಅಂಗಡಿ ಆ ಆಟವನ್ನು ಕೊಂಡು ಮಾರತೊಡಗಿದ ಮೇಲೆ ಅದು ಮನೆಮನೆಗೂ ಹೋಯಿತು.

ಆಟದ ಚೀಲದಲ್ಲಿ 100 ಬಿಲ್ಲೆಗಳಿರುತ್ತವೆ. 98ರ ಮೇಲೆ ಅಕ್ಷರ, 2 ಖಾಲಿ. ಖಾಲಿ ಬಿಲ್ಲೆಯನ್ನು ಯಾವ ಅಕ್ಷರವನ್ನಾಗಿಯಾದರೂ ಬಳಸಬಹುದು. 'ಇ' ಬಿಲ್ಲೆಗಳು 12, 'ಎ' ಮತ್ತು 'ಐ' ತಲಾ 9, 'ಓ' 8. 'ಕ್ಯೂ', 'ಝಡ್', 'ಜೆ', 'ಎಕ್ಸ್', 'ಕೆ' ಒಂದೊಂದೇ. ಹೆಚ್ಚಾಗಿ ಸಿಗುವ 'ಇ' ಅಕ್ಷರಕ್ಕೆ 1 ಅಂಕ. ಅಪರೂಪದ 'ಕ್ಯೂ', 'ಝಡ್' ಅಕ್ಷರಗಳಿಗೆ 10 ಅಂಕ. ಹಲಗೆಯಲ್ಲಿ ಅಡ್ಡ 15, ಉದ್ದ 15, ಒಟ್ಟು 225 ಮನೆಗಳು. ಪ್ರತಿಯೊಬ್ಬರ ಕೈಯಲ್ಲೂ 7 ಬಿಲ್ಲೆ. ಪದಬಂಧದಂತೆ ಒಂದಕ್ಕೊಂದು ತಾಗುವ ಹಾಗೆ ಪದ ಜೋಡಿಸಬೇಕು. ಒಂದೇ ಸಲ 7 ಬಿಲ್ಲೆಗಳನ್ನೂ ಇಳಿಸಿದರೆ 50 ಅಂಕ ಹೆಚ್ಚುವರಿ.

ಬಟ್ಸ್ ಒಂದು ಕಡೆ ಮಾತ್ರ ತಮ್ಮ ಎಣಿಕೆಯನ್ನು ಬೇಕೆಂದೇ ಬದಿಗಿಟ್ಟರು. ಇಂಗ್ಲಿಷ್‌ನಲ್ಲಿ 'ಎಸ್' ಬಹಳ ಬಳಕೆಯ ಅಕ್ಷರ. ಆದರೂ ಚೀಲದಲ್ಲಿ 4 'ಎಸ್' ಬಿಲ್ಲೆಗಳಷ್ಟೇ ಇವೆ. ಕಾರಣ ಊಹಿಸಬಲ್ಲಿರಾ? ಬಹುತೇಕ ನಾಮಪದಗಳ ಕೊನೆಗೆ 'ಎಸ್' ಸೇರಿಸಿದರೆ ಬಹುವಚನ ಆಗಿಬಿಡುತ್ತದೆ. ಅದು ಧಾರಾಳವಾಗಿ ಸಿಕ್ಕರೆ ಆಟ ತೀರ ಸುಲಭವಾಗುತ್ತದೆ. ಈ ವಿಷಯವನ್ನು ನೆನಪಿಟ್ಟುಕೊಳ್ಳಿ, ಕನ್ನಡದ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಇದು ಭಾಷೆಯ ಆಟವೋ, ಲೆಕ್ಕದ ಆಟವೋ?

'ಸ್ಕ್ರಾಬಲ್ ಆಡಿದರೆ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ' ಎಂದು ಪೋಷಕರಿಗೆ ಹೇಳುವವರು ಇದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಇಂಗ್ಲಿಷ್ ಬರಲು ಇಂಗ್ಲಿಷ್ ಓದಬೇಕು, ಮಾತಾಡಬೇಕು, ಬರೆಯಬೇಕು. ಪಂದ್ಯಾವಳಿಗಳಲ್ಲಿ ಬಳಸುವ ಪದಪಟ್ಟಿಯಲ್ಲಿ ಸುಮಾರು 2 ಲಕ್ಷ 80 ಸಾವಿರ ಪದಗಳಿವೆ. ಇವುಗಳಲ್ಲಿ ಬಹುಪಾಲು ಪದಗಳನ್ನು ಇಂಗ್ಲಿಷ್ ಮನೆಮಾತಿನವರೇ ಜೀವಮಾನದಲ್ಲಿ ಒಮ್ಮೆಯೂ ಆಡುವುದಿಲ್ಲ. ಎರಡೇ ಅಕ್ಷರದ ಪದಗಳು 120ಕ್ಕೂ ಹೆಚ್ಚಿವೆ. ನುರಿತ ಆಟಗಾರರು ಮೊದಲು ಬಾಯಿಪಾಠ ಮಾಡುವುದು ಇವನ್ನೇ. ಅಂದಹಾಗೆ ನಮ್ಮ ಇಡ್ಲಿ, ದೋಸೆ, ರಾಗಿ ಕೂಡ ಆ ಪಟ್ಟಿಯಲ್ಲಿವೆ.

ಪಂದ್ಯಾವಳಿಯಲ್ಲಿ ಏನು ನಡೆಯುತ್ತದೆ ನೋಡಿ. ಇಬ್ಬರೇ ಎದುರುಬದುರು ಕೂರುತ್ತಾರೆ. ಚದುರಂಗದ ಪಂದ್ಯದಲ್ಲಿರುವಂಥ ಜೋಡಿ ಗಡಿಯಾರ ಪಕ್ಕದಲ್ಲಿರುತ್ತದೆ. ತಲಾ 25 ನಿಮಿಷ. ಮೀರಿದ ಪ್ರತಿ ನಿಮಿಷಕ್ಕೂ 10 ಅಂಕ ಕಡಿತ. ಚೀಲದಿಂದ ಬಿಲ್ಲೆ ತೆಗೆಯುವಾಗ ಚೀಲವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಒಳಗೆ ಇಣುಕಬಾರದು. ಮನೆಯಲ್ಲಿ ಆಡುವ ಮರದ ಬಿಲ್ಲೆಗಳಲ್ಲಿ ಅಕ್ಷರ ಕೊರೆದಂತಿದ್ದರೆ ಬೆರಳ ತುದಿಯಿಂದಲೇ ಗುರುತಿಸಬಹುದಲ್ಲ! ಅದಕ್ಕಾಗಿ ಪಂದ್ಯಗಳಲ್ಲಿ ಮೇಲ್ಮೈ ಪೂರ್ತಿ ನುಣುಪಾದ ಬಿಲ್ಲೆಗಳನ್ನು ಬಳಸುತ್ತಾರೆ. ಇಷ್ಟೆಲ್ಲ ಎಚ್ಚರವಿದ್ದರೂ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಬ್ಬ ಕಿರಿಯ ಆಟಗಾರ ಖಾಲಿ ಬಿಲ್ಲೆಗಳನ್ನು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ. ಅವನನ್ನು ಹೊರಗೆ ಕಳಿಸಿದರು.

ಆಟಗಾರರ ಮುಂದೆ ಒಂದು ಹಾಳೆ ಇರುತ್ತದೆ. ಅದರಲ್ಲಿ 100 ಬಿಲ್ಲೆಗಳ ಪಟ್ಟಿ. ಹಲಗೆಯ ಮೇಲೆ ಬಿದ್ದ ಅಕ್ಷರವನ್ನೆಲ್ಲ ಹೊಡೆದುಹಾಕುತ್ತಾ ಹೋಗುತ್ತಾರೆ. ಇದು ಮೋಸವಲ್ಲ, ನಿಯಮವೇ ಇದಕ್ಕೆ ಅವಕಾಶ ಕೊಟ್ಟಿದೆ. ಇದರಿಂದ ಏನು ಲಾಭ? ಒಂದು ಲೆಕ್ಕ ಮಾಡೋಣ.

ಹಲಗೆಯ ಮೇಲೆ 84 ಬಿಲ್ಲೆಗಳು ಬಿದ್ದಿವೆ ಎಂದುಕೊಳ್ಳಿ. ನಿಮ್ಮ ಕೈಯಲ್ಲಿ 7. ಕೂಡಿದರೆ 91. ಉಳಿದದ್ದು 9. ಅವುಗಳಲ್ಲಿ 7 ಎದುರಾಳಿಯ ಕೈಯಲ್ಲಿವೆ, 2 ಚೀಲದಲ್ಲಿವೆ. 10 ಅಂಕದ 'ಕ್ಯೂ' ಇನ್ನೂ ಹೊರಬಂದಿಲ್ಲ. ಅದು ಎಲ್ಲಿದೆ? 9ರಲ್ಲಿ 7 ಪಾಲು ಸಂಭವ ಎದುರಾಳಿಯ ಕೈಯಲ್ಲಿ, 9ರಲ್ಲಿ 2 ಪಾಲು ಸಂಭವ ಚೀಲದಲ್ಲಿ. ಅಂದರೆ ಎದುರಾಳಿ 'ಕ್ಯೂ' ಇಳಿಸಬಹುದಾದ ಜಾಗವನ್ನು ಮುಚ್ಚುವುದು ಜಾಣತನ. ಮುಂದೆ ಚೀಲ ಪೂರ್ತಿ ಖಾಲಿಯಾದಾಗ ಇನ್ನೂ ಸೊಗಸು. ಆಗ ಸಂಭವದ ಮಾತೇ ಇಲ್ಲ. ಪಟ್ಟಿಯಲ್ಲಿ ಉಳಿದದ್ದೆಲ್ಲ ಎದುರಾಳಿಯ ಕೈಯಲ್ಲೇ ಇರಬೇಕು! ಅವರು ಬಿಲ್ಲೆಗಳನ್ನು ಎಷ್ಟೇ ಮರೆಮಾಡಿ ಇಟ್ಟುಕೊಂಡಿದ್ದರೂ ನಿಮಗೆ ಒಂದೊಂದೂ ಗೊತ್ತು.

ಕಾಣದ ವಸ್ತುವನ್ನು ಕಂಡದ್ದರ ಲೆಕ್ಕದಿಂದ ಹಿಡಿಯುವ ಈ ಉಪಾಯ ವಿಜ್ಞಾನದಲ್ಲಿ ಹಳೆಯದು. ರಷ್ಯದ ಮೆಂಡಲೀವ್ 1871ರಲ್ಲಿ ಧಾತುಗಳ ಪಟ್ಟಿಯಲ್ಲಿ ಅಲ್ಯೂಮಿನಿಯಂನ ಕೆಳಗೆ ಒಂದು ಜಾಗ ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುವಿನ ಗುಣಗಳನ್ನು ಮೊದಲೇ ಹೇಳಿದ್ದರು. 1875ರಲ್ಲಿ ಗ್ಯಾಲಿಯಂ ಸಿಕ್ಕಿತು.

ಇನ್ನೊಂದು ಲೆಕ್ಕ. 7 ಬೇರೆ ಬೇರೆ ಅಕ್ಷರಗಳನ್ನು ಎಷ್ಟು ರೀತಿಯಲ್ಲಿ ಸಾಲಾಗಿ ಜೋಡಿಸಬಹುದು? 7×6×5×4×3×2×1 ಎಂದರೆ 5,040. ಅಷ್ಟನ್ನೂ ಯಾರೂ ಮನಸ್ಸಿನಲ್ಲಿ ಜೋಡಿಸಿ ನೋಡುವುದಿಲ್ಲ. ಆಟಗಾರರು ಅಕ್ಷರಗುಂಪುಗಳನ್ನು ನೆನಪಿಟ್ಟುಕೊಂಡಿರುತ್ತಾರೆ. ಕಣ್ಣಿನ ಪಾಠದಲ್ಲಿ ನೀವು ಓದುವ 'ರೆಟಿನಾ' ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಬರೆಯಿರಿ. 6 ಅಕ್ಷರಗಳು. ಅದಕ್ಕೆ 'ಜಿ' ಸೇರಿಸಿ ಕಲಸಿದರೆ 'ಗ್ರಾನೈಟ್' ಆಗುತ್ತದೆ! ಕಣ್ಣಿನಿಂದ ಕಲ್ಲು ಬಂತು. 'ಸಿ' ಸೇರಿಸಿದರೆ, 'ಡಿ' ಸೇರಿಸಿದರೆ ಏನಾಗುತ್ತದೆ? ನೀವೇ ಬಿಡಿಸಿ.

ಈ ಆಟದಲ್ಲಿ ಅದೃಷ್ಟವೂ ಇದೆ. ಕೈಗೆ ಬರೀ 'ಐ', 'ಯು'ಗಳೇ ಬಂದರೆ ಎಂಥ ನಿಪುಣರೂ ಏನು ಮಾಡಿಯಾರು? ಹೊಸ ಆಟಗಾರ ಒಂದು ಆಟದಲ್ಲಿ ನಿಪುಣರನ್ನು ಸೋಲಿಸಬಹುದು. ಅದಕ್ಕೇ ದೊಡ್ಡ ಪಂದ್ಯಾವಳಿಗಳಲ್ಲಿ ಒಬ್ಬೊಬ್ಬರೂ ಇಪ್ಪತ್ತಕ್ಕೂ ಹೆಚ್ಚು ಆಟ ಆಡಬೇಕು. ಆಟಗಳ ಸಂಖ್ಯೆ ಹೆಚ್ಚಿದಂತೆ ಅದೃಷ್ಟ ಒಬ್ಬರ ಕಡೆಯೇ ನಿಲ್ಲುವುದು ಕಷ್ಟ. ಲೋಲಕದ ಪ್ರಯೋಗದಲ್ಲಿ ಒಂದೇ ಆಂದೋಲನದ ಕಾಲ ಅಳೆಯದೆ 20 ಆಂದೋಲನಗಳ ಕಾಲ ಅಳೆದು ಭಾಗಿಸುವಂತೆ ನಾವು ಹೇಳುತ್ತೇವಲ್ಲ, ಅದರ ಹಿಂದೆಯೂ ಇಂಥದೇ ಯೋಚನೆ ಇದೆ. ಹೀಗಿರುವಾಗ ಒಂದೇ ಪರೀಕ್ಷೆಯ ಅಂಕ ನೋಡಿ ಮಕ್ಕಳನ್ನು ಜಾಣ, ದಡ್ಡ ಎಂದು ಹೇಳುವುದನ್ನು ದೊಡ್ಡವರು ಏಕೆ ಬಿಡುವುದಿಲ್ಲವೋ ತಿಳಿಯದು.

ಅರ್ಥ ಗೊತ್ತಿಲ್ಲದೆ ಗೆದ್ದವರು

ವಿಶ್ವ ಸ್ಕ್ರಾಬಲ್ ಚಾಂಪಿಯನ್‌ಷಿಪ್ ಮೊದಲ ಬಾರಿ ನಡೆದದ್ದು 1991ರಲ್ಲಿ, ಲಂಡನ್‌ನಲ್ಲಿ. 2007ರಲ್ಲಿ ಅದು ನಮ್ಮ ಮುಂಬೈಯಲ್ಲಿ ನಡೆಯಿತು. ಆ ಸಲ ಗೆದ್ದವರು ನ್ಯೂಜಿಲೆಂಡ್‌ನ ನೈಜಲ್ ರಿಚರ್ಡ್ಸ್. ಅವರು ಹಲವು ಬಾರಿ ವಿಶ್ವ ಚಾಂಪಿಯನ್ ಆಗಿದ್ದಾರೆ. ಆದರೆ ಎಲ್ಲರೂ ಬೆರಗಾದದ್ದು 2015ರಲ್ಲಿ. ಆ ವರ್ಷ ಅವರು ಫ್ರೆಂಚ್ ಭಾಷೆಯ ವಿಶ್ವ ಪ್ರಶಸ್ತಿ ಗೆದ್ದರು. ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ! ಸುಮಾರು 9 ವಾರಗಳಲ್ಲಿ ಫ್ರೆಂಚ್ ಪದಪಟ್ಟಿಯನ್ನು ಮನನ ಮಾಡಿಕೊಂಡು ಹೋಗಿದ್ದರು. 2024ರಲ್ಲಿ ಸ್ಪೇನ್‌ನ ಗ್ರನಡಾದಲ್ಲಿ ಸ್ಪ್ಯಾನಿಷ್ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಆಡಿದ 24 ಆಟಗಳಲ್ಲಿ ಸೋತದ್ದು ಒಂದೇ. ಸ್ಪ್ಯಾನಿಷ್ ಕೂಡ ಅವರಿಗೆ ಬಾರದು.

ಇಂಗ್ಲಿಷ್ ಆಟದಲ್ಲೂ ಬೇರೆ ಮನೆಮಾತಿನವರು ಹಿಂದೆ ಬಿದ್ದಿಲ್ಲ. 2003ರಲ್ಲಿ, ಮತ್ತೆ 2009ರಲ್ಲಿ ವಿಶ್ವ ಚಾಂಪಿಯನ್ ಆದವರು ಥಾಯ್ಲೆಂಡ್‌ನವರು. ಆ ದೇಶದ ಶಾಲೆಗಳಲ್ಲಿ ಈ ಆಟ ಬಹಳ ಜನಪ್ರಿಯ. 'ಎ-ಮ್ಯಾತ್' ಎಂಬ ಅದರ ತಮ್ಮನೂ ಅಲ್ಲಿದ್ದಾನೆ. ಅದರಲ್ಲಿ ಅಕ್ಷರಗಳ ಬದಲು ಅಂಕಿಗಳು, ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ, ಸಮ ಎನ್ನುವ ಚಿಹ್ನೆಗಳು ಇರುತ್ತವೆ. ಪದದ ಬದಲು ಸಮೀಕರಣ ಜೋಡಿಸಬೇಕು. 2015ರಲ್ಲಿ ನೈಜೀರಿಯಾದ ವೆಲಿಂಗ್ಟನ್ ಜಿಗೆರೆ ಗೆದ್ದು ಆಫ್ರಿಕಾದ ಮೊದಲ ವಿಶ್ವ ಚಾಂಪಿಯನ್ ಆದರು. ಉದ್ದ ಪದ ಕೈಯಲ್ಲಿದ್ದರೂ ಕೆಲವೊಮ್ಮೆ 5 ಅಕ್ಷರದ ಪದ ಇಳಿಸಿ, ಒಳ್ಳೆಯ ಬಿಲ್ಲೆಗಳನ್ನು ಮುಂದಿನ ಸರದಿಗೆ ಉಳಿಸಿಕೊಳ್ಳುವುದು ಅವರ ದೇಶದ ಆಟಗಾರರ ಹೆಸರಾಂತ ತಂತ್ರ.

ಹಾಗಾದರೆ ಒಂದು ಪ್ರಶ್ನೆ ಏಳುತ್ತದೆ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಬೇಡಿ ಎಂದು ನಾವು ಶಿಕ್ಷಕರು ದಿನವೂ ಹೇಳುತ್ತೇವೆ. ಇಲ್ಲಿ ನೋಡಿದರೆ ಅರ್ಥ ಗೊತ್ತಿಲ್ಲದವರು ವಿಶ್ವ ಚಾಂಪಿಯನ್!

ರಿಚರ್ಡ್ಸ್ ಅವರ ನೆನಪಿನ ಶಕ್ತಿಯನ್ನು ನಾನು ಮೆಚ್ಚುತ್ತೇನೆ. ಅದು ಬರೀ ಬಾಯಿಪಾಠ ಎನ್ನಲಾರೆ. ಪರೀಕ್ಷೆಯ ಉತ್ತರವನ್ನು ಉರು ಹೊಡೆದವರು ಅದನ್ನು ಇದ್ದಂತೆಯೇ ಹಾಳೆಯ ಮೇಲೆ ಸುರಿಯುತ್ತಾರೆ. ಆಟದಲ್ಲಿ ಹಾಗಲ್ಲ. ಪ್ರತಿ ಸರದಿಯಲ್ಲೂ ಹಲಗೆ ಹೊಸದು, ಕೈಯಲ್ಲಿರುವ ಬಿಲ್ಲೆಗಳು ಹೊಸವು. ಎರಡು ಲಕ್ಷ ಪದ ನೆನಪಿದ್ದರೂ ಈಗ ಬೇಕಾದ ಒಂದನ್ನು ಹುಡುಕಿ ತೆಗೆಯುವ ಕೆಲಸ ಪ್ರತಿಸಲ ಹೊಸದಾಗಿ ಆಗಬೇಕು. ಆದರೂ ನಿಮಗೆ ನಾನು ಆ ದಾರಿ ಹೇಳುವುದಿಲ್ಲ. ವಿಶ್ವ ಪ್ರಶಸ್ತಿಗೆ ಪದವೆಂದರೆ ಅಕ್ಷರಗಳ ಸಾಲು ಅಷ್ಟೇ, ಅಂಕ ತರುವ ಸಾಮಾನು. ಶಾಲೆಯಲ್ಲಿ ಪದವೆಂದರೆ ಯಾರೋ ಯಾರಿಗೋ ಏನನ್ನೋ ಹೇಳಲು ಬಳಸಿದ್ದು. 'ಪದ ಇಳಿಸಿದವರು ಅದನ್ನು ಬಳಸಿ ಒಂದು ವಾಕ್ಯ ಹೇಳಬೇಕು' ಎಂಬ ನಿಯಮ ಸೇರಿಸಿದರೆ ಪಂದ್ಯಾವಳಿಯವರು ನಕ್ಕಾರು. ನಗಲಿ. ನಮ್ಮ ಶಾಲೆಗಳ ಆಟದಲ್ಲಿ ಆ ನಿಯಮ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದರೆ ದಂಡ

ಈ ಆಟದಲ್ಲಿ ನನ್ನನ್ನು ಬಹಳ ಕಾಡಿದ ಭಾಗ ಇದು. ಎದುರಾಳಿ ಒಂದು ಪದ ಇಳಿಸಿದರು. ಅಂಥ ಪದ ಇದೆಯೇ ಎಂದು ನಿಮಗೆ ಅನುಮಾನ. ಆಗ ನೀವು 'ಪ್ರಶ್ನಿಸುತ್ತೇನೆ' ಎನ್ನಬಹುದು. ಪದಪಟ್ಟಿ ನೋಡುತ್ತಾರೆ. ಪದ ಅದರಲ್ಲಿ ಇಲ್ಲದಿದ್ದರೆ ಎದುರಾಳಿ ಬಿಲ್ಲೆಗಳನ್ನು ಎತ್ತಿಕೊಂಡು ಸರದಿ ಕಳೆದುಕೊಳ್ಳಬೇಕು. ನೀವು ಪ್ರಶ್ನಿಸದೇ ಸುಮ್ಮನಿದ್ದರೆ? ಪದ ಸುಳ್ಳಾಗಿದ್ದರೂ ಹಲಗೆಯ ಮೇಲೆ ಹಾಗೇ ಉಳಿಯುತ್ತದೆ, ಅಂಕವೂ ಸಿಗುತ್ತದೆ. ಬೇಕೆಂದೇ ಸುಳ್ಳು ಪದ ಇಳಿಸುವುದು ಪಂದ್ಯಾವಳಿಯಲ್ಲಿ ತಪ್ಪಲ್ಲ. ಅದೂ ಒಂದು ತಂತ್ರ!

'ಇದು ಮಕ್ಕಳಿಗೆ ಸುಳ್ಳು ಕಲಿಸಿದಂತೆ ಅಲ್ಲವೇ' ಎಂದು ಶಿಕ್ಷಕ ಮಿತ್ರರೊಬ್ಬರು ಕೇಳಿದ್ದುಂಟು. ನನ್ನ ಚಿಂತೆ ಅದಲ್ಲ. ವಿಜ್ಞಾನದಲ್ಲೂ ಯಾರು ಏನು ಬೇಕಾದರೂ ಹೇಳಬಹುದು. ಹೇಳಿದ್ದನ್ನು ಉಳಿದವರು ಪರೀಕ್ಷಿಸುತ್ತಾರೆ ಎಂಬ ಧೈರ್ಯದಲ್ಲಿ ವಿಜ್ಞಾನ ನಡೆಯುತ್ತದೆ. ನನ್ನ ಚಿಂತೆ ದಂಡದ ಬಗ್ಗೆ. ನೀವು ಪ್ರಶ್ನಿಸಿದ ಪದ ಸರಿಯಾದದ್ದೇ ಆಗಿದ್ದರೆ ಏನಾಗುತ್ತದೆ? ಅಮೆರಿಕದ ಪಂದ್ಯಗಳಲ್ಲಿ ಪ್ರಶ್ನಿಸಿದವರು ತಮ್ಮ ಸರದಿಯನ್ನೇ ಕಳೆದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೆಲವು ಅಂಕಗಳ ದಂಡ, ಹೆಚ್ಚಾಗಿ 5 ಅಂಕ. ದಂಡವೇ ಇಲ್ಲದೆ ಆಡುವವರೂ ಇದ್ದಾರೆ.

ಈಗ ಯೋಚಿಸಿ. ಪ್ರಶ್ನೆಗೆ ದಂಡ ಇಲ್ಲದಿದ್ದರೆ ಅನುಮಾನ ಬಂದದ್ದನ್ನೆಲ್ಲ ಕೇಳುತ್ತೀರಿ. ಸುಳ್ಳು ಪದ ಇಳಿಸಿ ಪ್ರಯೋಜನವಿಲ್ಲ. ದಂಡ 5 ಅಂಕವಾದರೆ ಕೇಳುವ ಮುಂಚೆ ಒಂದು ಕ್ಷಣ ತಡೆಯುತ್ತೀರಿ. ಸರದಿಯೇ ಹೋಗುತ್ತದೆ ಎಂದಾದರೆ? 30, 40 ಅಂಕದ ಮಾತು. ಆಗ ಅರ್ಧಕ್ಕಿಂತ ಹೆಚ್ಚು ಅನುಮಾನವಿದ್ದರೂ ಬಾಯಿ ಮುಚ್ಚಿಕೊಂಡು ಕೂರುತ್ತೀರಿ. ಗಟ್ಟಿ ಮುಖ ಮಾಡಿಕೊಂಡು ಸುಳ್ಳು ಪದ ಇಳಿಸುವವರಿಗೆ ಸುಗ್ಗಿ. ಅದೇ ಜನ, ಅದೇ ಬಿಲ್ಲೆಗಳು. ಬದಲಾದದ್ದು ದಂಡದ ಮೊತ್ತ ಮಾತ್ರ.

ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ದಂಡ ಎಷ್ಟು? 'ದಂಡವೇ ಇಲ್ಲ' ಎಂದು ನಿಮ್ಮ ಶಿಕ್ಷಕರು ಹೇಳಬಹುದು. ಆದರೆ ಕೇಳಿದವರನ್ನು ನೋಡಿ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರೆ ಅದೇ ದಂಡ. 'ಇಷ್ಟೂ ಗೊತ್ತಿಲ್ಲವಾ' ಎಂಬ ಒಂದು ಮಾತು ಬಂದರೆ ಅದು ಸರದಿ ಹೋದದ್ದಕ್ಕಿಂತ ದೊಡ್ಡ ದಂಡ. ಆ ಮೇಲೆ ವರ್ಷವಿಡೀ ಆ ಹುಡುಗಿ ಕೈ ಎತ್ತುವುದಿಲ್ಲ. ಹಲಗೆಯ ಮೇಲೆ ಸುಳ್ಳು ಪದ ಹಾಗೇ ಉಳಿದುಬಿಡುತ್ತದೆ. ನಾನು ನೋಡಿದ ಎಷ್ಟೋ ತರಗತಿಗಳಲ್ಲಿ ಮಕ್ಕಳು ಹತ್ತು ನಿಮಿಷ ಏನೂ ಅರ್ಥವಾಗದೆ ತಲೆಯಾಡಿಸುತ್ತಿರುತ್ತಾರೆ. ಅವರೇನೂ ದಡ್ಡರಲ್ಲ. ಅವರು ದಂಡದ ಲೆಕ್ಕ ಹಾಕುತ್ತಿದ್ದಾರೆ.

ಆದ್ದರಿಂದ ಶಾಲೆಗಳ ಆಟದಲ್ಲಿ ಪ್ರಶ್ನಿಸುವುದು ಪೂರ್ತಿ ಉಚಿತವಾಗಿರಲಿ. ಆಟ ನಿಧಾನವಾಗುತ್ತದೆ ಎಂದು ಪಂದ್ಯಾವಳಿ ನಡೆಸುವವರು ಆಕ್ಷೇಪಿಸಬಹುದು. ಅದು ನಿಜವೇ. ಪ್ರತಿ ಪದಕ್ಕೂ ನಿಘಂಟು ತೆರೆದರೆ ಒಂದು ಪಿರಿಯಡ್‌ನಲ್ಲಿ ಆಟ ಮುಗಿಯಲಿಕ್ಕಿಲ್ಲ. ಆಟ ಮುಗಿಯದಿದ್ದರೂ ನಾಲ್ಕು ಸಲ ನಿಘಂಟು ತೆರೆದದ್ದು ನನಗೆ ಲಾಭವೆಂದೇ ಕಾಣುತ್ತದೆ.

ಕನ್ನಡದಲ್ಲಿ ಆಡಬೇಡವೇ?

ಪದಪಟ್ಟಿ ಇಂಗ್ಲಿಷ್, ಬಿಲ್ಲೆ ಇಂಗ್ಲಿಷ್. ಸೆಟ್ ಕೊಂಡು ತಂದರೂ ಮೂರು ದಿನ ಆಡಿ ಬೀರುವಿನಲ್ಲಿ ಇಡುತ್ತಾರೆ. ಕನ್ನಡದಲ್ಲೇ ಆಡಿದರೆ? ಆಗಬಹುದು. ಆದರೆ ಇಂಗ್ಲಿಷ್ ಬಿಲ್ಲೆಗಳ ಮೇಲೆ ಕನ್ನಡ ಅಕ್ಷರ ಅಂಟಿಸಿದರೆ ಆಗುವುದಿಲ್ಲ. ಏಕೆಂದು ನೋಡೋಣ. ಈ ವಾಕ್ಯವನ್ನು ತೆಗೆದುಕೊಳ್ಳಿ:

ಮಳೆ ಬಂದಾಗ ಹಳ್ಳದ ನೀರು ಕೆಂಪಾಗಿ ಹರಿಯುತ್ತದೆ.

ಪತ್ರಿಕೆಗಳ ಪದಬಂಧದಲ್ಲಿ ತುಂಬುವಂತೆ ಒಂದು ಮನೆಗೆ ಒಂದು ಅಕ್ಷರ ಬರೆದರೆ ಇದಕ್ಕೆ 18 ಮನೆಗಳು ಬೇಕು. ಎಣಿಸಿ ನೋಡಿ. ಈ 18ರಲ್ಲಿ ಎರಡು ಸಲ ಬಂದದ್ದು 'ಹ' ಒಂದೇ. ಉಳಿದ 16 ಮನೆಗಳಲ್ಲೂ ಬೇರೆ ಬೇರೆ ಅಕ್ಷರ! ಅಂದರೆ ಗುಣಿತ, ಒತ್ತು ಎಲ್ಲ ಸೇರಿದ ಇಡೀ ಅಕ್ಷರಕ್ಕೆ ಒಂದು ಬಿಲ್ಲೆ ಮಾಡಹೊರಟರೆ ಕಷ್ಟ. 34 ವ್ಯಂಜನಗಳು, ಪ್ರತಿಯೊಂದಕ್ಕೂ ಕಾಗುಣಿತದ 15 ರೂಪಗಳು ಎಂದರೆ 510 ಬಿಲ್ಲೆ. ಒತ್ತಕ್ಷರ ಸೇರಿದರೆ ಇನ್ನೂ ಎಷ್ಟೋ. ಚೀಲ ಸಾಲದು, ಗೋಣಿಚೀಲ ಬೇಕು.

ಅದೇ ವಾಕ್ಯವನ್ನು ಬಿಡಿಸಿ ಎಣಿಸೋಣ. ಗುಣಿತ ಬಿಟ್ಟು ವ್ಯಂಜನಗಳನ್ನು ಮಾತ್ರ ತೆಗೆದುಕೊಂಡರೆ, ಒತ್ತುಗಳೂ ಸೇರಿ 20 ಆಗುತ್ತವೆ. ಳ 3, ದ 3. ಗ, ಹ, ರ, ತ ತಲಾ 2. ಮ, ಬ, ನ, ಕ, ಪ, ಯ ಒಂದೊಂದು. ಈಗ 12 ಬಗೆಯ ಬಿಲ್ಲೆಗಳು ಸಾಕಾದವು. ಸ್ವರಗಳ ಕಡೆಯಿಂದ ನೋಡಿದರೆ 18ರಲ್ಲಿ ಅಕಾರ 8, ಎಕಾರ 3. ಆಕಾರ, ಇಕಾರ, ಉಕಾರ ತಲಾ 2, ಈಕಾರ 1. ಒಂದೇ ವಾಕ್ಯದಿಂದ ಕನ್ನಡದ ಲೆಕ್ಕ ತೀರ್ಮಾನವಾಗುವುದಿಲ್ಲ, ನಿಜ. ಈ ವಾಕ್ಯದಲ್ಲಿ 'ಹಳ್ಳ' ಇರುವುದರಿಂದ 'ಳ' ಮುಂದೆ ಬಂದಿದೆ. ಇನ್ನೊಂದು ವಾಕ್ಯದಲ್ಲಿ ಅದು ಇಲ್ಲದೆಯೂ ಇರಬಹುದು. ಆದರೆ ದಾರಿ ಯಾವುದೆಂದು ತಿಳಿಯಿತಲ್ಲ.

ನನ್ನ ಸಲಹೆ ಹೀಗಿದೆ. ವ್ಯಂಜನಗಳಿಗೆ ಮತ್ತು ಪದದ ಮೊದಲಲ್ಲಿ ಬರುವ ಸ್ವರಗಳಿಗೆ ಮಾತ್ರ ಬಿಲ್ಲೆ ಮಾಡಿ. ಗುಣಿತ ಉಚಿತ, 'ಕ' ಬಿಲ್ಲೆಯನ್ನು ಕಾ, ಕಿ, ಕೋ ಎಂದು ಹೇಗೆ ಬೇಕಾದರೂ ಬಳಸಬಹುದು. ಹಲಗೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡರೆ ಗುಣಿತದ ಚಿಹ್ನೆಯನ್ನು ಬಿಲ್ಲೆಯ ಪಕ್ಕದಲ್ಲೇ ಬರೆಯಬಹುದು. ಒಮ್ಮೆ ಬರೆದ ಮೇಲೆ ಅಡ್ಡ ಪದಕ್ಕೂ ಉದ್ದ ಪದಕ್ಕೂ ಅದೇ ಗುಣಿತ. ಒತ್ತಕ್ಷರ ಮಾತ್ರ ಉಚಿತವಲ್ಲ. ಅದಕ್ಕೆ ಇನ್ನೊಂದು ಬಿಲ್ಲೆ ಕೊಡಬೇಕು, ಅದೇ ಮನೆಯಲ್ಲಿ ಕೆಳಗೆ ಇಡಬೇಕು. 'ಹಳ್ಳ' ಬರೆಯಲು ಎರಡು ಮನೆ, ಮೂರು ಬಿಲ್ಲೆ. ಇದು ಒಂದೇ ದಾರಿ ಎನ್ನುತ್ತಿಲ್ಲ. ನಿಮಗೆ ಇದಕ್ಕಿಂತ ಒಳ್ಳೆಯದು ಹೊಳೆದರೆ ಇದನ್ನು ಬಿಟ್ಟುಬಿಡಿ.

ಯಾವ ಬಿಲ್ಲೆ ಎಷ್ಟು ಬೇಕು, ಯಾವುದಕ್ಕೆ ಎಷ್ಟು ಅಂಕ? ಅದನ್ನು ನಾನು ಹೇಳುವುದಿಲ್ಲ, ನೀವು ಎಣಿಸಬೇಕು. ಹತ್ತು ಜನ ಹತ್ತು ಬೇರೆ ಬೇರೆ ಪುಟ ಹಂಚಿಕೊಂಡು ಎಣಿಸಿ, ಪಟ್ಟಿಗಳನ್ನು ಕೂಡಿಸಿ, ನೂರಕ್ಕೆ ಇಳಿಸಿ. ಎಲ್ಲಿಂದ ಎಣಿಸುತ್ತೀರಿ ಎಂಬುದೂ ಮುಖ್ಯ. ಬಟ್ಸ್ ಎಣಿಸಿದ್ದು ವೃತ್ತಪತ್ರಿಕೆಯ ಅಕ್ಷರಗಳನ್ನು. ಇಂದಿನ ಪಂದ್ಯಾವಳಿಯವರು ಆಡುವುದು ನಿಘಂಟಿನ ಪದಗಳಿಂದ. ಹೀಗಾಗಿ ಆ ಹಳೆಯ ಅಂಕಗಳು ಈಗ ಸರಿಹೊಂದುವುದಿಲ್ಲ, 'ಝಡ್' ಅಕ್ಷರಕ್ಕೆ 10 ಅಂಕ ಹೆಚ್ಚಾಯಿತು ಎಂದು ವಾದಿಸುವವರಿದ್ದಾರೆ. ವಿಜ್ಞಾನ ಪುಸ್ತಕದಿಂದ ಎಣಿಸಿದರೆ ಮಹಾಪ್ರಾಣಗಳು ಹೆಚ್ಚು ಸಿಗಬಹುದೇ? ಅಜ್ಜಿ ಹೇಳಿದ ಕಥೆ ಬರೆದುಕೊಂಡು ಎಣಿಸಿದರೆ? ಎರಡನ್ನೂ ಮಾಡಿ ಹೋಲಿಸಿ.

ಇನ್ನು ಆ 'ಎಸ್' ಅಕ್ಷರದ ಕಷ್ಟ. ಕನ್ನಡದಲ್ಲಿ ಅದು ಹತ್ತು ಪಟ್ಟು. ಮನೆ, ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳು, ಮನೆಗಳಿಗೆ... ಒಂದು ಪದದ ಬಾಲ ಹಿಡಿದು ಹಲಗೆಯ ಅಂಚಿನವರೆಗೂ ಹೋಗಬಹುದು. ಪ್ರತ್ಯಯ ಹತ್ತಿಸಬಾರದು, ಮೂಲ ಪದವಷ್ಟೇ ಇರಬೇಕು ಎಂದು ನಿಯಮ ಮಾಡಿದರೆ ಆಟ ಬಿಗಿಯಾಗುತ್ತದೆ. ನಾನು ಈ ಬಿಗಿ ನಿಯಮದ ಪರ.

ಯಾವ ನಿಘಂಟು ಎಂಬುದು ಕೊನೆಯ ಪ್ರಶ್ನೆ, ಕಷ್ಟದ ಪ್ರಶ್ನೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟು 8 ಸಂಪುಟಗಳಲ್ಲಿದೆ. ಎಲ್ಲ ಶಾಲೆಗಳಲ್ಲಿ ಅದು ಇರುವುದಿಲ್ಲ. ಇರುವುದು ಸಣ್ಣ ನಿಘಂಟುಗಳು. ನಾನು ಭೇಟಿ ಕೊಟ್ಟ ಒಂದು ಶಾಲೆಯಲ್ಲಿ 7ನೇ ತರಗತಿಯವರು ಹೀಗೆ ಆಡುತ್ತಿದ್ದಾಗ ಒಬ್ಬ ಹುಡುಗಿ ಉ, ಳ, ಳ, ಗ, ಡ, ಡ ಎಂದು 6 ಬಿಲ್ಲೆಗಳನ್ನು ಇಳಿಸಿದಳು. ಉಳ್ಳಾಗಡ್ಡಿ! ಅವಳ ಮನೆಯವರು ಉತ್ತರ ಕರ್ನಾಟಕದಿಂದ ರಸ್ತೆ ಕೆಲಸಕ್ಕೆಂದು ಆ ಕಡೆಗೆ ಬಂದವರು. ಎದುರಿಗಿದ್ದ ಹುಡುಗ 'ಅಂಥ ಪದ ಇಲ್ಲ' ಎಂದ. ಶಾಲೆಯ ಪುಟ್ಟ ನಿಘಂಟಿನಲ್ಲಿ ಹುಡುಕಿದರು, ಸಿಗಲಿಲ್ಲ. 'ಅದು ಈರುಳ್ಳಿ ಕಣೇ' ಎಂದು ಒಂದಿಬ್ಬರು ನಕ್ಕರು. ಅವಳು ಬಿಲ್ಲೆಗಳನ್ನು ಎತ್ತಿಕೊಳ್ಳಲಿಲ್ಲ. 'ನಮ್ಮವ್ವ ದಿನಾ ಅಂತಾಳ' ಎಂದಳು.

ನನಗೆ ಅವಳ ಮಾತು ಸರಿ ಎನ್ನಿಸಿತು. ಮಂಗಳೂರಿನ ಕಡೆ ಅದೇ ಗಡ್ಡೆಗೆ ನೀರುಳ್ಳಿ ಎನ್ನುತ್ತಾರೆ. ಮೂರೂ ಕನ್ನಡವೇ. ಇಂಗ್ಲಿಷ್‌ನವರ ಪದಪಟ್ಟಿಗೆ ಇಡ್ಲಿ, ದೋಸೆ ಹೋಗಿ ಕುಳಿತದ್ದು ಹೇಗೆ? ಜನ ಬಳಸಿದರು, ನಿಘಂಟು ಮಾಡುವವರು ಗಮನಿಸಿದರು, ಸೇರಿಸಿದರು. ನಮ್ಮ ಮಕ್ಕಳ ಮನೆಯ ಮಾತು ನಮ್ಮದೇ ಆಟದಲ್ಲಿ ಹೊರಗೆ ನಿಲ್ಲಬೇಕೇ? ಆ ತರಗತಿಯವರು ಅರ್ಧ ಗಂಟೆ ಜಗಳವಾಡಿ ಒಂದು ನಿಯಮ ಮಾಡಿಕೊಂಡರು. ನಿಘಂಟಿನಲ್ಲಿ ಇಲ್ಲದ ಪದವನ್ನು ಇಳಿಸಿದವರು ಅದರ ಅರ್ಥ ಹೇಳಬೇಕು, ಒಂದು ವಾಕ್ಯ ಹೇಳಬೇಕು, ಆ ಪದ ಬಳಸುವ ಇಬ್ಬರು ದೊಡ್ಡವರ ಹೆಸರು ಹೇಳಬೇಕು. ಆಗ ಅದು 'ಊರ ಪದಗಳ ಪುಸ್ತಕ' ಎಂದು ಹೆಸರಿಟ್ಟ ನೋಟ್‌ಬುಕ್ಕಿಗೆ ಸೇರುತ್ತದೆ. ಮುಂದೆ ಯಾರು ಬೇಕಾದರೂ ಅದನ್ನು ಇಳಿಸಬಹುದು. ಹೆಸರು ಕೊಟ್ಟ ದೊಡ್ಡವರನ್ನು ಹೋಗಿ ಕೇಳುವ ಹಕ್ಕು ಎದುರಾಳಿಗೆ ಇದೆ. ನಿಯಮ ಮಾಡಿದವರು ಮಕ್ಕಳೇ, ನಾನಲ್ಲ. ಆ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಉಳ್ಳಾಗಡ್ಡಿ ಇದೆ.

ಬಿಲ್ಲೆಗಳಿಗೆ ಖರ್ಚಿಲ್ಲ. ಮದುವೆಯ ಆಹ್ವಾನ ಪತ್ರಿಕೆಗಳ ದಪ್ಪ ಕಾಗದ ಸಾಕು. ಎರಡು ಸೆಂಟಿಮೀಟರ್ ಚೌಕಗಳನ್ನು ಅಳತೆಪಟ್ಟಿ ಇಟ್ಟು ಗೆರೆ ಎಳೆದು ಕತ್ತರಿಸಿ. ಒಂದು ಎಚ್ಚರಿಕೆ. ನೂರೂ ಚೌಕಗಳ ಹಿಂಬದಿ ಒಂದೇ ಥರ ಇರಬೇಕು, ಇಲ್ಲದಿದ್ದರೆ ಬಿಳಿ ಹಾಳೆ ಅಂಟಿಸಿಕೊಳ್ಳಿ. ಗಣಪತಿಯ ಸೊಂಡಿಲು ಬಂದ ಬಿಲ್ಲೆಯಲ್ಲಿ ಯಾವ ಅಕ್ಷರ ಇದೆ ಎಂದು ಎರಡನೇ ಆಟದ ಹೊತ್ತಿಗೆ ಇಡೀ ತರಗತಿಗೆ ಗೊತ್ತಾಗಿಬಿಟ್ಟಿರುತ್ತದೆ.